ಧಾರವಾಡದ ಹತ್ತಿ, ಅಮೆರಿಕದ ಗುಲಾಮರು ಮತ್ತು ಎರಡಾಗಿ ಒಡೆದ ಒಂದು ದೇಶ

ನಮ್ಮ ಬಳಗದಲ್ಲಿ ಹತ್ತಿ ಬೆಳೆಯುವ ಮನೆಯಿಂದ ಬಂದವರೇ ಹೆಚ್ಚು. ರಜೆ ಬಂತೆಂದರೆ ಹತ್ತಿ ಬಿಡಿಸಲು ಹೋಗಿ, ಒಣಗಿದ ಕಾಯಿಯ ತುದಿ ಬೆರಳಿಗೆ ಚುಚ್ಚಿಸಿಕೊಂಡು ಬೆಳೆದವರು. ಹಾಗಾಗಿ ಧಾರವಾಡ ಸೀಮೆಯ ಹಳೆಯ ಹತ್ತಿಯ ಬಗ್ಗೆ ಓದುವಾಗ ‘ಧಾರವಾಡ-ಅಮೆರಿಕನ್’ ಎಂಬ ತಳಿಯ ಹೆಸರು ಕಂಡು ನಮಗೆ ಆಶ್ಚರ್ಯವಾಯಿತು. ನಮ್ಮ ಎರೆಹೊಲಕ್ಕೂ ಅಮೆರಿಕಕ್ಕೂ ಎಲ್ಲಿಯ ನಂಟು?

ಹುಡುಕುತ್ತಾ ಹೋದಾಗ ನಂಟು ಸಿಕ್ಕಿತು. 1840ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದ ದಕ್ಷಿಣ ಭಾಗದಿಂದ ಹತ್ತು ಮಂದಿ ಹತ್ತಿ ಬೆಳೆಗಾರರನ್ನು ಸಂಬಳ ಕೊಟ್ಟು ಭಾರತಕ್ಕೆ ಕರೆಸಿತ್ತು. ಅವರ ಪ್ರಯೋಗ ಬಹಳ ಕಡೆ ನೆಲಕಚ್ಚಿತು. ಚೆನ್ನಾಗಿ ಕೈಹಿಡಿದದ್ದು ಧಾರವಾಡದಲ್ಲಿ. ನ್ಯೂ ಆರ್ಲಿಯನ್ಸ್‌ನ ಬೀಜ ನಮ್ಮ ಕಪ್ಪು ನೆಲಕ್ಕೆ ಒಗ್ಗಿತು. ಅರಳೆ ಬೇರ್ಪಡಿಸುವ ಗರಗಸದ ಹಲ್ಲಿನ ಜಿನ್ ಯಂತ್ರವೂ ಅದರ ಹಿಂದೆಯೇ ಬಂತು.

ಆ ಬೆಳೆಗಾರರು ತಮ್ಮ ಊರಿನಲ್ಲಿ ಹತ್ತಿಯನ್ನು ಯಾರ ಕೈಯಿಂದ ಬೆಳೆಸುತ್ತಿದ್ದರು? ಗುಲಾಮರ ಕೈಯಿಂದ. ಆ ಗುಲಾಮಗಿರಿಯ ಜಗಳ ಬೆಳೆದು ಬೆಳೆದು 1861ರಲ್ಲಿ ಅಮೆರಿಕವನ್ನು ಎರಡು ಹೋಳು ಮಾಡಿತು. ಯುದ್ಧದ ಕತೆ ಸಿನಿಮಾಗಳಲ್ಲಿ ಬಂದಿದೆ. ನಾವು ಇಲ್ಲಿ ಹೇಳಲು ಹೊರಟಿರುವುದು ಯುದ್ಧಕ್ಕೆ ಮುಂಚಿನ ನಲವತ್ತು ವರ್ಷದ ಕತೆ. ಮಾತಿನಲ್ಲೇ ಬಗೆಹರಿಸುತ್ತೇವೆ ಎಂದುಕೊಂಡ ಜನ ಹೇಗೆ ಬಂದೂಕಿನವರೆಗೆ ಬಂದರು ಎಂಬ ಕತೆ.

ಮೊದಲೇ ಒಂದು ಮಾತು. ಗುಲಾಮಗಿರಿ ಎಂದರೆ ನಮ್ಮಲ್ಲಿ ಬಹಳ ಜನರಿಗೆ ಜೀತ ನೆನಪಾಗುತ್ತದೆ. ಜೀತದ ಕ್ರೌರ್ಯ ಸಣ್ಣದಲ್ಲ, ಅದನ್ನು ರದ್ದು ಮಾಡುವ ಕಾಯ್ದೆ ನಮ್ಮ ದೇಶದಲ್ಲಿ ಬಂದದ್ದೇ 1976ರಲ್ಲಿ. ಆದರೆ ಅಮೆರಿಕದಲ್ಲಿದ್ದದ್ದು ಬೇರೆ. ಅಲ್ಲಿ ಸಾಲದ ಲೆಕ್ಕವೂ ಇರಲಿಲ್ಲ. ಆಫ್ರಿಕಾದಿಂದ ಹಡಗಿನಲ್ಲಿ ತಂದವರು, ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕಾನೂನಿನ ಕಣ್ಣಲ್ಲಿ ಮಾಲೀಕನ ಆಸ್ತಿ. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಗುಲಾಮ. ಎತ್ತು ಮಾರುವ ಹಾಗೆ ಮಾರಬಹುದು, ಅಡ ಇಡಬಹುದು, ಉಯಿಲಿನಲ್ಲಿ ಬರೆದುಕೊಡಬಹುದು. ಗಂಡನನ್ನು ಒಬ್ಬನಿಗೆ, ಹೆಂಡತಿಯನ್ನು ಇನ್ನೊಬ್ಬನಿಗೆ, ಮಗುವನ್ನು ಮತ್ತೊಬ್ಬನಿಗೆ ಮಾರಿದರೂ ಕೇಳುವವರಿಲ್ಲ.

1776ರಲ್ಲಿ ಸ್ವಾತಂತ್ರ್ಯ ಘೋಷಿಸಿದಾಗ ಮನುಷ್ಯರೆಲ್ಲ ಸಮಾನರು ಎಂದು ಬರೆದುಕೊಂಡ ದೇಶವಿದು. ಬರೆದ ಥಾಮಸ್ ಜೆಫರ್ಸನ್ ಸ್ವತಃ ನೂರಾರು ಗುಲಾಮರ ಮಾಲೀಕ. ಮುಂದೆ ಉತ್ತರದ ರಾಜ್ಯಗಳು ಒಂದೊಂದಾಗಿ ಗುಲಾಮಗಿರಿ ಕೈಬಿಟ್ಟವು. ದಕ್ಷಿಣದಲ್ಲೂ ಅದು ತಾನಾಗಿ ಸಾಯುತ್ತದೆ ಎಂದು ನಂಬಿದವರಿದ್ದರು. ಆಗ ಬಂತು ಹತ್ತಿ. 1793ರಲ್ಲಿ ಎಲಿ ವಿಟ್ನಿ ಎಂಬಾತ ಜಿನ್ ಯಂತ್ರ ಮಾಡಿದ. ಕೈಯಲ್ಲಿ ಇಡೀ ದಿನ ಕೂತು ಒಂದು ಹಿಡಿ ಅರಳೆಯಿಂದ ಬೀಜ ಬಿಡಿಸುವ ಕೆಲಸ ಯಂತ್ರಕ್ಕೆ ಹೋಯಿತು. ಅಂದಮೇಲೆ ಗುಲಾಮರ ಕೆಲಸ ಕಡಿಮೆಯಾಗಬೇಕಿತ್ತಲ್ಲವೇ? ಆದದ್ದು ತಿರುಗಾಮುರುಗಾ. ಎಷ್ಟು ಬೆಳೆದರೂ ಜಿನ್ ಮಾಡಬಹುದು ಎಂದಾದಾಗ ಎಷ್ಟು ಬೇಕಾದರೂ ಬೆಳೆಯಬೇಕು ಎಂಬ ಆಸೆ ಹುಟ್ಟಿತು. ಬಿತ್ತಲು, ಕಳೆ ತೆಗೆಯಲು, ಬಿಡಿಸಲು ಇನ್ನಷ್ಟು ಕೈ ಬೇಕಾಯಿತು. 1790ರಲ್ಲಿ ಸುಮಾರು 7 ಲಕ್ಷ ಇದ್ದ ಗುಲಾಮರು 1860ರ ಜನಗಣತಿ ಹೊತ್ತಿಗೆ 39 ಲಕ್ಷ ದಾಟಿದ್ದರು. ಹಳೆಯ ತಂಬಾಕು ಸೀಮೆಯಿಂದ ಹೊಸ ಹತ್ತಿ ಸೀಮೆಗೆ ಈ ಅವಧಿಯಲ್ಲಿ ಸಾಗಿಸಲ್ಪಟ್ಟವರು ಸುಮಾರು 10 ಲಕ್ಷ. ಹಗ್ಗ ಸರಪಳಿ ಹಾಕಿ ನಡೆಸಿಕೊಂಡು ಹೋದದ್ದೂ ಉಂಟು.

ಯುದ್ಧದ ಹೊಸ್ತಿಲಲ್ಲಿ ಅಮೆರಿಕದ ಒಟ್ಟು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಹತ್ತಿ. ಇಂಗ್ಲೆಂಡಿನ ಲ್ಯಾಂಕಶೈರ್ ಮಿಲ್ಲುಗಳ ಹತ್ತಿಯಲ್ಲಿ ಬಹುಪಾಲು ಅಲ್ಲಿಂದಲೇ. ಗುಲಾಮರ ಒಟ್ಟು ‘ಬೆಲೆ’ ಸುಮಾರು 300 ಕೋಟಿ ಡಾಲರ್ ಎಂದು ಇತಿಹಾಸಕಾರರು ಅಂದಾಜು ಮಾಡುತ್ತಾರೆ. ಅದು ಆ ದೇಶದ ರೈಲು ಮತ್ತು ಕಾರ್ಖಾನೆಗಳ ಬಂಡವಾಳಕ್ಕಿಂತ ಹೆಚ್ಚು. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ರಾಜಕೀಯ ಅರ್ಥವಾಗುತ್ತದೆ. ದಕ್ಷಿಣದ ದೊಡ್ಡ ಜಮೀನ್ದಾರರಿಗೆ ಗುಲಾಮಗಿರಿ ಬರೀ ಒಂದು ಅಭಿಪ್ರಾಯವಾಗಿರಲಿಲ್ಲ. ಅವರ ಬ್ಯಾಂಕ್ ಪುಸ್ತಕವೇ ಅದಾಗಿತ್ತು.

ರಾಜಕೀಯದ ಮೊದಲ ಗಂಟು ಸಂವಿಧಾನದಲ್ಲೇ ಇತ್ತು. ನಮ್ಮ ಪಂಚಾಯಿತಿಯಲ್ಲಿ ಜನಸಂಖ್ಯೆ ನೋಡಿ ಸದಸ್ಯರ ಸಂಖ್ಯೆ ನಿಗದಿ ಮಾಡುವ ಹಾಗೆ ಅಲ್ಲಿಯೂ ಜನಸಂಖ್ಯೆಯ ಮೇಲೆ ಕೆಳಮನೆಯ ಸೀಟು. ಹಾಗಾದರೆ ಗುಲಾಮರನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ? 1787ರಲ್ಲಿ ಆದ ರಾಜಿ ವಿಚಿತ್ರವಾದದ್ದು: ಐದು ಗುಲಾಮರನ್ನು ಮೂರು ಜನ ಎಂದು ಎಣಿಸುವುದು. ಓಟು ಮಾತ್ರ ಅವರಿಗಿಲ್ಲ. ಅಂದರೆ ಗುಲಾಮರ ತಲೆ ಎಣಿಸಿ ಬಂದ ಸೀಟಿನಲ್ಲಿ ಕೂರುವವನು ಅವರ ಮಾಲೀಕ! ಈ ಲೆಕ್ಕದಿಂದ ದಕ್ಷಿಣಕ್ಕೆ ಸಂಸತ್ತಿನಲ್ಲೂ ಅಧ್ಯಕ್ಷರ ಚುನಾವಣೆಯಲ್ಲೂ ಹೆಚ್ಚಿನ ತೂಕ ಸಿಕ್ಕಿತು.

ಮೇಲ್ಮನೆಯಾದ ಸೆನೆಟ್‌ನಲ್ಲಿ ಹಾಗಲ್ಲ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ತಲಾ ಇಬ್ಬರು. ಆದ್ದರಿಂದ ಪಶ್ಚಿಮಕ್ಕೆ ಹೊಸ ರಾಜ್ಯ ಸೇರಿದಾಗಲೆಲ್ಲ ಒಂದೇ ಪ್ರಶ್ನೆ: ಇದು ಗುಲಾಮರ ರಾಜ್ಯವೋ, ಮುಕ್ತ ರಾಜ್ಯವೋ? 1819ರಲ್ಲಿ ಎರಡೂ ಕಡೆ 11 ರಾಜ್ಯ, ತಕ್ಕಡಿ ಸಮ. ಮಿಸ್ಸೂರಿ ಬಾಗಿಲು ತಟ್ಟಿದಾಗ ಗಲಾಟೆ ಶುರು. 1820ರಲ್ಲಿ ಮಿಸ್ಸೂರಿಯನ್ನು ಗುಲಾಮರ ರಾಜ್ಯವಾಗಿಯೂ ಮೇನ್ ಅನ್ನು ಮುಕ್ತ ರಾಜ್ಯವಾಗಿಯೂ ಸೇರಿಸಿಕೊಂಡು, ನಕ್ಷೆಯ ಮೇಲೆ ಒಂದು ಗೆರೆ ಎಳೆದರು. ಆಗಿನ ಪಶ್ಚಿಮ ಪ್ರದೇಶದಲ್ಲಿ ಮಿಸ್ಸೂರಿ ಬಿಟ್ಟು ಆ ಗೆರೆಯ ಮೇಲೆ ಗುಲಾಮಗಿರಿ ಇಲ್ಲ ಎಂದರು. ಅಣ್ಣತಮ್ಮಂದಿರು ಜಗಳ ನಿಲ್ಲಿಸಲು ಹೊಲದ ನಡುವೆ ಬದು ಹಾಕಿದ ಹಾಗೆ. ಆ ಬದು 34 ವರ್ಷ ನಿಂತಿತು.

ಆದರೆ ಗುಲಾಮರು ಸುಮ್ಮನೆ ಕೂತು ಬದು ನೋಡುತ್ತಿರಲಿಲ್ಲ. 1831ರಲ್ಲಿ ವರ್ಜೀನಿಯಾದಲ್ಲಿ ನ್ಯಾಟ್ ಟರ್ನರ್ ಎಂಬ ಗುಲಾಮರ ಮುಂದಾಳತ್ವದಲ್ಲಿ ದಂಗೆಯಾಯಿತು, ಐವತ್ತಕ್ಕೂ ಹೆಚ್ಚು ಬಿಳಿಯರು ಸತ್ತರು. ಅದಕ್ಕೆ ಪ್ರತೀಕಾರವಾಗಿ ದಂಗೆಗೆ ಸಂಬಂಧವೇ ಇಲ್ಲದ ಎಷ್ಟೋ ಕಪ್ಪು ಜನರನ್ನು ಕೊಂದರು. ಕಪ್ಪು ಜನರಿಗೆ ಓದು ಬರಹ ಕಲಿಸುವುದರ ಮೇಲಿನ ಕಾನೂನುಗಳು ದಕ್ಷಿಣದಲ್ಲಿ ಬಿಗಿಯಾದವು. ಅಕ್ಷರ ಕಂಡರೆ ಅಷ್ಟು ಭಯ. ಆ ಭಯ ಸುಳ್ಳಲ್ಲ ಎಂದು ತೋರಿಸಿಕೊಟ್ಟವರು ಫ್ರೆಡರಿಕ್ ಡಗ್ಲಸ್. ಕದ್ದು ಅಕ್ಷರ ಕಲಿತ ಗುಲಾಮ ಹುಡುಗ, 1838ರಲ್ಲಿ ತಪ್ಪಿಸಿಕೊಂಡು ಉತ್ತರ ಸೇರಿ, ಮುಂದೆ ತಮ್ಮದೇ ಪತ್ರಿಕೆ ಹೊರಡಿಸಿದರು. ಹ್ಯಾರಿಯೆಟ್ ಟಬ್‌ಮನ್ ಎಂಬ ತಾಯಿ 1849ರಲ್ಲಿ ತಾವು ತಪ್ಪಿಸಿಕೊಂಡದ್ದಲ್ಲದೆ ಮತ್ತೆ ಮತ್ತೆ ವಾಪಸ್ ಹೋಗಿ ಹತ್ತಾರು ಜನರನ್ನು ಕರೆತಂದರು.

ನಾವು ಪತ್ರಿಕೋದ್ಯಮ ಓದಿದವರಾದ್ದರಿಂದ ಇನ್ನೊಂದು ಹೆಸರು ಬಿಟ್ಟು ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ಎಲೈಜಾ ಲವ್‌ಜಾಯ್, ಇಲಿನಾಯ್ ರಾಜ್ಯದ ಆಲ್ಟನ್ ಊರಿನ ಸಂಪಾದಕ. ಗುಲಾಮಗಿರಿ ವಿರುದ್ಧ ಬರೆದದ್ದಕ್ಕೆ ಗುಂಪುಗಳು ಅವರ ಮುದ್ರಣ ಯಂತ್ರವನ್ನು ಮತ್ತೆ ಮತ್ತೆ ಹಾಳು ಮಾಡಿದವು. ಅವರು ಮತ್ತೊಂದು ಯಂತ್ರ ತರಿಸಿದರು. 1837ರ ನವೆಂಬರ್ 7ರ ರಾತ್ರಿ ಅದನ್ನು ಕಾಯುತ್ತಾ ಗುಂಡೇಟಿಗೆ ಸತ್ತರು. ಆಲ್ಟನ್ ಇದ್ದದ್ದು ಮುಕ್ತ ರಾಜ್ಯದಲ್ಲಿ ಎಂಬುದನ್ನು ಗಮನಿಸಿ. ಉತ್ತರದವರೆಲ್ಲ ಗುಲಾಮರ ಪರ ಎಂದುಕೊಳ್ಳುವುದು ತಪ್ಪು. ಅಲ್ಲಿನ ಮಿಲ್ಲು, ಬ್ಯಾಂಕು, ಹಡಗು ಎಲ್ಲ ಹತ್ತಿಯ ಲಾಭದಲ್ಲಿ ಪಾಲುದಾರರು. ಹೆಚ್ಚಿನ ಜನ ಗುಲಾಮಗಿರಿಯನ್ನೂ ಇಷ್ಟಪಡುತ್ತಿರಲಿಲ್ಲ, ಕಪ್ಪು ನೆರೆಹೊರೆಯವರನ್ನೂ ಇಷ್ಟಪಡುತ್ತಿರಲಿಲ್ಲ.

ಸಂಸತ್ತಿನಲ್ಲಿ ಈ ವಿಷಯದ ಬಾಯಿ ಕಟ್ಟುವ ಪ್ರಯತ್ನವೂ ನಡೆಯಿತು. 1836ರಿಂದ 1844ರವರೆಗೆ ಗುಲಾಮಗಿರಿ ವಿರುದ್ಧದ ಅರ್ಜಿಗಳನ್ನು ಕೆಳಮನೆಯಲ್ಲಿ ಚರ್ಚಿಸದೆ ಪಕ್ಕಕ್ಕಿಡುವ ನಿಯಮವಿತ್ತು. ಮಾತಾಡದಿದ್ದರೆ ಜಗಳವಿಲ್ಲ ಎಂಬ ಲೆಕ್ಕಾಚಾರ. ಅರ್ಜಿಗಳು ಇನ್ನೂ ಹೆಚ್ಚಾದವು. ಜಗಳ ಚರ್ಚಿಗೂ ನುಗ್ಗಿತು. ಮೆಥಡಿಸ್ಟ್ ಸಭೆ 1844ರಲ್ಲಿ, ಬ್ಯಾಪ್ಟಿಸ್ಟ್ ಸಭೆ 1845ರಲ್ಲಿ ಉತ್ತರ ದಕ್ಷಿಣವೆಂದು ಒಡೆದವು. ದೇಶ ಒಡೆಯುವುದಕ್ಕೆ 16 ವರ್ಷ ಮೊದಲೇ ದೇವರ ಮನೆ ಒಡೆದಿತ್ತು.

1848ರಲ್ಲಿ ಮೆಕ್ಸಿಕೋ ಜೊತೆಗಿನ ಯುದ್ಧ ಗೆದ್ದು ಅಮೆರಿಕ ದೊಡ್ಡ ಪ್ರದೇಶ ಕಸಿದುಕೊಂಡಿತು. ಹೊಸ ಜಮೀನು, ಹಳೆಯ ಪ್ರಶ್ನೆ. ಚಿನ್ನ ಸಿಕ್ಕ ಕ್ಯಾಲಿಫೋರ್ನಿಯಾ ಮುಕ್ತ ರಾಜ್ಯವಾಗಿ ಸೇರಲು ಬಯಸಿತು. 15-15 ಇದ್ದ ತಕ್ಕಡಿ ತಪ್ಪುತ್ತದೆ ಎಂದು ದಕ್ಷಿಣ ಸಿಟ್ಟಾಯಿತು. 1850ರ ರಾಜಿಯಲ್ಲಿ ಕ್ಯಾಲಿಫೋರ್ನಿಯಾವನ್ನು ಉತ್ತರ ಪಡೆಯಿತು. ದಕ್ಷಿಣಕ್ಕೆ ಸಿಕ್ಕದ್ದು ಓಡಿಹೋದ ಗುಲಾಮರನ್ನು ಹಿಡಿಯುವ ಕಠಿಣ ಕಾನೂನು.

ನಮ್ಮ ದೃಷ್ಟಿಯಲ್ಲಿ ಇಡೀ ಕತೆ ತಿರುಗಿದ್ದು ಈ ಕಾನೂನಿನಿಂದ. ಇದರ ಪ್ರಕಾರ ಉತ್ತರದ ಯಾವುದೇ ಊರಿನಲ್ಲಿ ಯಾರನ್ನಾದರೂ ಹಿಡಿದು, ಇವನು ನನ್ನ ಗುಲಾಮ ಎಂದು ಹೇಳಬಹುದು. ಹಿಡಿಸಿಕೊಂಡವರಿಗೆ ಜ್ಯೂರಿ ವಿಚಾರಣೆ ಇಲ್ಲ, ತಮ್ಮ ಪರ ಸಾಕ್ಷಿ ಹೇಳುವ ಹಕ್ಕೂ ಇಲ್ಲ. ತೀರ್ಪು ಕೊಡುವ ಕಮಿಷನರ್‌ಗೆ ಬಿಡುಗಡೆ ಮಾಡಿದರೆ 5 ಡಾಲರ್, ಮಾಲೀಕನಿಗೆ ಒಪ್ಪಿಸಿದರೆ 10 ಡಾಲರ್. ಒಪ್ಪಿಸಿದರೆ ಕಾಗದಪತ್ರದ ಕೆಲಸ ಜಾಸ್ತಿ ಎಂಬುದು ಸರ್ಕಾರ ಕೊಟ್ಟ ಸಮಜಾಯಿಷಿ! ಹಿಡಿಯಲು ಕರೆದರೆ ದಾರಿಹೋಕರೂ ಕೈಜೋಡಿಸಬೇಕು. ಅಲ್ಲಿಯವರೆಗೆ ಗುಲಾಮಗಿರಿ ಎಲ್ಲೋ ದೂರದ ಸಂಗತಿ ಎಂದುಕೊಂಡಿದ್ದ ಉತ್ತರದ ಸಾಮಾನ್ಯ ಜನರ ಬೀದಿಗೇ ಅದು ಬಂದು ನಿಂತಿತು.

1854ರ ಮೇ ತಿಂಗಳಲ್ಲಿ ಬಾಸ್ಟನ್ ನಗರದಲ್ಲಿ ಆಂಥೊನಿ ಬರ್ನ್ಸ್ ಎಂಬ ಯುವಕರನ್ನು ಹೀಗೆ ಹಿಡಿದರು. ಅವರನ್ನು ಬಿಡಿಸಲು ಜನ ನ್ಯಾಯಾಲಯದ ಬಾಗಿಲು ಮುರಿದರು, ಆಗಲಿಲ್ಲ. ಕೊನೆಗೆ ಒಬ್ಬ ಮನುಷ್ಯನನ್ನು ಬಂದರಿಗೆ ಕರೆದೊಯ್ಯಲು ಬೀದಿಯುದ್ದಕ್ಕೂ ಸೈನಿಕರನ್ನು ನಿಲ್ಲಿಸಬೇಕಾಯಿತು. ಸಾವಿರಾರು ಜನ ಧಿಕ್ಕಾರ ಕೂಗಿದರು, ಕಟ್ಟಡಗಳಿಗೆ ಕಪ್ಪು ಬಟ್ಟೆ ಇಳಿಬಿಟ್ಟರು. ಮರುವರ್ಷ ಬಾಸ್ಟನ್ನಿನವರು 1,300 ಡಾಲರ್ ಕೊಟ್ಟು ಬರ್ನ್ಸ್ ಅವರನ್ನು ಬಿಡಿಸಿಕೊಂಡು ಬಂದರು. ಇದೇ ಕಾನೂನಿನ ಸಿಟ್ಟಿನಲ್ಲಿ ಹ್ಯಾರಿಯೆಟ್ ಬೀಚರ್ ಸ್ಟೋವ್ ಎಂಬ ಲೇಖಕಿ ‘ಅಂಕಲ್ ಟಾಮ್ಸ್ ಕ್ಯಾಬಿನ್’ ಬರೆದರು. 1852ರಲ್ಲಿ ಪುಸ್ತಕವಾಗಿ ಬಂದ ಅದು ಮೊದಲ ವರ್ಷವೇ ಅಮೆರಿಕದಲ್ಲಿ 3 ಲಕ್ಷ ಪ್ರತಿ ಮಾರಾಟವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಯುದ್ಧ ಆದದ್ದು ಗುಲಾಮಗಿರಿಗಲ್ಲ, ರಾಜ್ಯಗಳ ಹಕ್ಕಿಗಾಗಿ ಎಂದು ವಾದಿಸುವವರು ಇಂದೂ ಇದ್ದಾರೆ. ಓಡಿಹೋದವರನ್ನು ಹಿಡಿಯುವ ಕಾನೂನಿಗೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಬಳಸಿ ತಡೆ ಹಾಕಿದಾಗ, ಕೇಂದ್ರ ಸರ್ಕಾರ ಬಲ ಪ್ರಯೋಗಿಸಲಿ ಎಂದು ಕೂಗಿದವರು ಇದೇ ದಕ್ಷಿಣದವರು. ರಾಜ್ಯದ ಹಕ್ಕು ಅವರಿಗೆ ಬೇಕಾದಾಗ ಬೇಕು, ಬೇಡವಾದಾಗ ಬೇಡ.

1854ರಲ್ಲೇ ಸೆನೆಟರ್ ಸ್ಟೀಫನ್ ಡಗ್ಲಸ್ ಹಳೆಯ ಬದುವನ್ನು ಕಿತ್ತುಹಾಕಿದ. (ಹಿಂದೆ ಹೇಳಿದ ಫ್ರೆಡರಿಕ್ ಡಗ್ಲಸ್‌ಗೂ ಇವನಿಗೂ ಹೆಸರಿನ ಹೋಲಿಕೆಯಷ್ಟೇ.) ಪಶ್ಚಿಮಕ್ಕೆ ರೈಲು ಹಾಕಿಸುವ ಆಸೆ ಅವನದು, ದಕ್ಷಿಣದವರ ಓಟು ಬೇಕಿತ್ತು. ಕ್ಯಾನ್ಸಸ್ ಮತ್ತು ನೆಬ್ರಾಸ್ಕಾದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬುದನ್ನು ಅಲ್ಲಿನ ಜನರೇ ಓಟು ಹಾಕಿ ತೀರ್ಮಾನಿಸಲಿ ಎಂದ. ಕೇಳಲು ಚೆನ್ನಾಗಿದೆ. ಆದರೆ ಯಾರ ಬದುಕನ್ನು ತೀರ್ಮಾನಿಸಬೇಕೋ ಆ ಗುಲಾಮರಿಗೆ ಓಟಿಲ್ಲ.

ಕ್ಯಾನ್ಸಸ್‌ಗೆ ಎರಡೂ ಕಡೆಯವರು ಬಂದೂಕು ಸಮೇತ ವಲಸೆ ಬಂದರು. 1855ರ ಮಾರ್ಚ್‌ನಲ್ಲಿ ಚುನಾವಣೆ. ಅದಕ್ಕೆ ಸ್ವಲ್ಪ ಮುಂಚೆ ಮಾಡಿದ ಗಣತಿಯಲ್ಲಿ ಸಿಕ್ಕ ಮತದಾರರು 2,905. ಬಿದ್ದ ಓಟು 6,300ಕ್ಕೂ ಹೆಚ್ಚು! ಪಕ್ಕದ ಮಿಸ್ಸೂರಿಯಿಂದ ಗುಂಪು ಗುಂಪಾಗಿ ಗಡಿ ದಾಟಿ ಬಂದು ಓಟು ಒತ್ತಿ ಹೋಗಿದ್ದರು. ಪಂಚಾಯಿತಿ ಚುನಾವಣೆ ನೋಡಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದೇ ನೆಲದಲ್ಲಿ ಎರಡು ಸರ್ಕಾರ ಎದ್ದವು. 1856ರ ಮೇ 21ರಂದು ಗುಲಾಮಗಿರಿ ಪರದವರು ಲಾರೆನ್ಸ್ ಊರನ್ನು ಲೂಟಿ ಮಾಡಿದರು. ಮೂರು ದಿನದ ನಂತರ ಜಾನ್ ಬ್ರೌನ್ ಎಂಬ ಗುಲಾಮಗಿರಿ ವಿರೋಧಿ ತನ್ನ ಮಕ್ಕಳೊಂದಿಗೆ ಹೋಗಿ, ಎದುರು ಪಕ್ಷದ ಐವರನ್ನು ರಾತ್ರಿ ಮನೆಯಿಂದ ಹೊರಗೆಳೆದು ಕೊಂದ.

ಇವೆರಡರ ನಡುವಿನ ದಿನ, ಮೇ 22ರಂದು, ರಾಜಧಾನಿಯಲ್ಲಿ ಇನ್ನೊಂದು ಘಟನೆ. ಉತ್ತರದ ಸೆನೆಟರ್ ಚಾರ್ಲ್ಸ್ ಸಮ್ನರ್ ಕ್ಯಾನ್ಸಸ್ ಬಗ್ಗೆ ಎರಡು ದಿನ ಖಾರವಾಗಿ ಮಾತಾಡಿದ್ದರು. ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಬಟ್ಲರ್‌ನನ್ನು ಹೀಯಾಳಿಸಿದ್ದರು. ಬಟ್ಲರ್‌ನ ಸಂಬಂಧಿ, ಕೆಳಮನೆಯ ಸದಸ್ಯ ಪ್ರೆಸ್ಟನ್ ಬ್ರೂಕ್ಸ್, ಸೆನೆಟ್ ಸಭಾಂಗಣಕ್ಕೇ ಬಂದು, ಮೇಜಿನ ಮುಂದೆ ಬರೆಯುತ್ತಾ ಕೂತಿದ್ದ ಸಮ್ನರ್ ತಲೆಗೆ ಬೆತ್ತದಿಂದ ಬಾರಿಸಿದ. ಬೆತ್ತ ತುಂಡಾಗುವವರೆಗೆ ಬಾರಿಸಿದ. ಸಮ್ನರ್ ರಕ್ತದ ಮಡುವಿನಲ್ಲಿ ಬಿದ್ದರು, ಪೂರ್ತಿ ಚೇತರಿಸಿಕೊಂಡು ಮರಳಲು ಮೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಅಲ್ಲಿಯವರೆಗೆ ಅವರ ರಾಜ್ಯ ಆ ಕುರ್ಚಿಗೆ ಬೇರೆಯವರನ್ನು ಆರಿಸಲಿಲ್ಲ. ಖಾಲಿ ಕುರ್ಚಿಯೇ ಮಾತಾಡಲಿ ಎಂದು ಬಿಟ್ಟಿತು.

ಬ್ರೂಕ್ಸ್‌ಗೆ ಆದ ಶಿಕ್ಷೆ 300 ಡಾಲರ್ ದಂಡ. ರಾಜೀನಾಮೆ ಕೊಟ್ಟ, ಅವನ ಕ್ಷೇತ್ರದವರು ಮತ್ತೆ ಗೆಲ್ಲಿಸಿ ಕಳಿಸಿದರು. ಮುರಿದ ಬೆತ್ತದ ಬದಲಿಗೆ ಎಂದು ಅಭಿಮಾನಿಗಳು ಹೊಸ ಬೆತ್ತಗಳನ್ನು ಉಡುಗೊರೆ ಕಳಿಸಿದರು. ಒಂದೇ ಘಟನೆ, ಒಂದು ಕಡೆ ಕೊಲೆಗಡುಕತನ, ಇನ್ನೊಂದು ಕಡೆ ಗಂಡಸುತನ. ಇಷ್ಟಾದ ಮೇಲೆ ರಾಜಿಗೆ ಕೂರಲು ಯಾವ ಕಟ್ಟೆ ಉಳಿದಿತ್ತು?

ಉಳಿದ ಒಂದು ಕಟ್ಟೆ ನ್ಯಾಯಾಲಯ. ಡ್ರೆಡ್ ಸ್ಕಾಟ್ ಮತ್ತು ಅವರ ಹೆಂಡತಿ ಹ್ಯಾರಿಯೆಟ್, ಮಾಲೀಕನ ಜೊತೆ ಮುಕ್ತ ಪ್ರದೇಶದಲ್ಲಿ ವರ್ಷಗಟ್ಟಲೆ ಬದುಕಿದ್ದೇವೆ, ಆದ್ದರಿಂದ ನಾವು ಸ್ವತಂತ್ರರು ಎಂದು 1846ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ದಾವೆ ಹೂಡಿದ್ದರು. 11 ವರ್ಷ ಅಲೆದ ಮೇಲೆ 1857ರ ಮಾರ್ಚ್ 6ರಂದು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಟಾನಿ ತೀರ್ಪು ಓದಿದರು. ಕಪ್ಪು ಜನ ಗುಲಾಮರಾಗಿರಲಿ ಸ್ವತಂತ್ರರಾಗಿರಲಿ ಈ ದೇಶದ ಪ್ರಜೆಗಳೇ ಅಲ್ಲ, ಹಾಗಾಗಿ ದಾವೆ ಹೂಡುವ ಹಕ್ಕೇ ಇಲ್ಲ ಎಂದರು. ಅಷ್ಟಕ್ಕೇ ನಿಲ್ಲದೆ, ಪಶ್ಚಿಮದ ಪ್ರದೇಶಗಳಲ್ಲಿ ಗುಲಾಮಗಿರಿ ತಡೆಯುವ ಅಧಿಕಾರ ಸಂಸತ್ತಿಗಿಲ್ಲ ಎಂದೂ ಹೇಳಿದರು. ಸ್ಕಾಟ್ ಕುಟುಂಬವನ್ನು ಅದೇ ವರ್ಷ ಹಳೆಯ ಪರಿಚಯದ ಮನೆಯವರು ಬಿಡುಗಡೆ ಮಾಡಿಸಿದರು. ಡ್ರೆಡ್ ಸ್ಕಾಟ್ ಸ್ವತಂತ್ರರಾಗಿ ಬದುಕಿದ್ದು ಒಂದೂವರೆ ವರ್ಷಕ್ಕಿಂತ ಕಡಿಮೆ. ಕ್ಷಯ ಅವರನ್ನು ಕೊಂಡೊಯ್ದಿತು.

ಮುಂದಿನದು ಬೇಗ ಬೇಗ ನಡೆಯಿತು. 1859ರ ಅಕ್ಟೋಬರ್‌ನಲ್ಲಿ ಅದೇ ಜಾನ್ ಬ್ರೌನ್ 21 ಜನರೊಂದಿಗೆ ಹಾರ್ಪರ್ಸ್ ಫೆರ್ರಿಯ ಸರ್ಕಾರಿ ಶಸ್ತ್ರಾಗಾರಕ್ಕೆ ನುಗ್ಗಿದ. ಗುಲಾಮರಿಗೆ ಆಯುಧ ಹಂಚುವ ಯೋಜನೆ ಎರಡೇ ದಿನದಲ್ಲಿ ಮುರಿದುಬಿತ್ತು. ಡಿಸೆಂಬರ್ 2ರಂದು ಗಲ್ಲು. ಉತ್ತರದ ಕೆಲವು ಊರುಗಳಲ್ಲಿ ಅವನಿಗಾಗಿ ಚರ್ಚಿನ ಗಂಟೆ ಬಾರಿಸಿದ್ದು ಕೇಳಿ ದಕ್ಷಿಣದವರ ಎದೆ ನಡುಗಿತು. ಅವನನ್ನು ವೀರನೆನ್ನಬೇಕೋ ಕೊಲೆಗಾರನೆನ್ನಬೇಕೋ, ನಮ್ಮ ಬಳಗದಲ್ಲೇ ಒಮ್ಮತವಿಲ್ಲ.

1860ರ ಚುನಾವಣೆಯಲ್ಲಿ ಡೆಮಾಕ್ರಟಿಕ್ ಪಕ್ಷವೇ ಉತ್ತರ ದಕ್ಷಿಣವೆಂದು ಸೀಳಿತು. ನಾಲ್ವರು ಕಣದಲ್ಲಿದ್ದರು. ಹೊಸ ರಿಪಬ್ಲಿಕನ್ ಪಕ್ಷದ ಅಬ್ರಹಾಂ ಲಿಂಕನ್ ಸುಮಾರು 40 ಶೇಕಡಾ ಓಟು ಪಡೆದು ಗೆದ್ದರು. ದಕ್ಷಿಣದ ಹತ್ತು ರಾಜ್ಯಗಳಲ್ಲಿ ಅವರಿಗೆ ಒಂದು ಓಟೂ ಲೆಕ್ಕಕ್ಕೆ ಸಿಗಲಿಲ್ಲ. ಇರುವ ಕಡೆ ಗುಲಾಮಗಿರಿಯನ್ನು ಮುಟ್ಟುವುದಿಲ್ಲ, ಹೊಸ ಪ್ರದೇಶಕ್ಕೆ ಹಬ್ಬಲು ಬಿಡುವುದಿಲ್ಲ ಎಂಬುದಷ್ಟೇ ಅವರ ಮಾತು. ಅಷ್ಟೂ ಹೆಚ್ಚಾಯಿತು. ಡಿಸೆಂಬರ್ 20ರಂದು ದಕ್ಷಿಣ ಕ್ಯಾರೊಲಿನಾ ಹೊರನಡೆಯಿತು. ಲಿಂಕನ್ ಪ್ರಮಾಣವಚನ ತೆಗೆದುಕೊಳ್ಳುವ ಮೊದಲೇ ಏಳು ರಾಜ್ಯಗಳು ಹೋಗಿ ಬೇರೆ ದೇಶ ಕಟ್ಟಿದ್ದವು. ತಾವೇಕೆ ಹೋಗುತ್ತಿದ್ದೇವೆ ಎಂದು ಮಿಸಿಸಿಪ್ಪಿಯಂಥ ರಾಜ್ಯಗಳು ಬರೆದಿಟ್ಟ ಘೋಷಣೆಗಳಲ್ಲಿ ಗುಲಾಮಗಿರಿಯ ಹೆಸರು ನೇರವಾಗಿಯೇ ಇದೆ.

ದಕ್ಷಿಣದ ಬಿಳಿ ಕುಟುಂಬಗಳಲ್ಲಿ ಗುಲಾಮರಿದ್ದದ್ದು ಸುಮಾರು ನಾಲ್ಕಕ್ಕೆ ಒಂದರಲ್ಲಿ ಮಾತ್ರ. ಉಳಿದ ಬಡ ರೈತರು ಯಾಕೆ ಬಂದೂಕು ಹಿಡಿದರು? ಊರಿಗೆ ದಂಡು ಬರುತ್ತದೆಂಬ ಭಯ ಒಂದು. ನಾಳೆ ನಾನೂ ಮಾಲೀಕನಾಗಬಹುದು ಎಂಬ ಆಸೆ ಇನ್ನೊಂದು. ಎಷ್ಟೇ ಬಡವನಾದರೂ ನನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನ ಮೂರನೆಯದು. ಈ ಮೂರನೆಯದು ಏನೆಂದು ಅರ್ಥ ಮಾಡಿಕೊಳ್ಳಲು ನಮ್ಮ ಹಳ್ಳಿಯವರು ಅಮೆರಿಕಕ್ಕೆ ಹೋಗಬೇಕಿಲ್ಲ.

1861ರ ಏಪ್ರಿಲ್ 12ರ ಬೆಳಗಿನ ಜಾವ ನಾಲ್ಕೂವರೆಗೆ ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ದಕ್ಷಿಣದ ಫಿರಂಗಿ ಹಾರಿತು. ಇನ್ನೂ ನಾಲ್ಕು ರಾಜ್ಯಗಳು ಆ ಕಡೆ ಸೇರಿದವು. ಹತ್ತಿಯಿಲ್ಲದೆ ಇಂಗ್ಲೆಂಡ್ ಸಾಯುತ್ತದೆ, ನಮ್ಮ ಪರ ಬಂದೇ ಬರುತ್ತದೆ ಎಂದು ನಂಬಿದ ದಕ್ಷಿಣದವರು ಹತ್ತಿ ಕಳಿಸುವುದನ್ನು ತಾವೇ ತಡೆದರು. ಉತ್ತರದ ನೌಕಾಪಡೆ ಬಂದರುಗಳನ್ನು ಮುಚ್ಚಿತು. ಲ್ಯಾಂಕಶೈರ್ ಮಿಲ್ಲುಗಳು ನಿಂತವು, ಕೂಲಿಕಾರರು ಹಸಿದರು. ಇಂಗ್ಲೆಂಡ್ ಯುದ್ಧಕ್ಕೆ ಬರಲಿಲ್ಲ. ಅದು ನಮ್ಮ ಕಡೆ ತಿರುಗಿತು.

ಧಾರವಾಡ ಸೀಮೆಯಲ್ಲಿ ಹತ್ತಿಯ ಬೆಲೆ ಏರಿತು. ಅಂಡಿಗೆ ಹೇರಿದ ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಸಾಲುಗಟ್ಟಿದವು. ನಮ್ಮ ನಾಟಿ ಹತ್ತಿಗೆ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಿತ್ತು. ಕಾರವಾರದಲ್ಲಿ ದೊಡ್ಡ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರಲ್ಲಿ ಈ ಹತ್ತಿಯ ದಾರಿಯ ಪಾಲೂ ಇದೆ.

1865ರಲ್ಲಿ ಯುದ್ಧ ಮುಗಿಯಿತು. 6 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು, ಸುಮಾರು 40 ಲಕ್ಷ ಗುಲಾಮರು ಬಿಡುಗಡೆಯಾಗಿದ್ದರು. ಅವರಲ್ಲಿ ಬಹಳ ಜನರಿಗೆ ಜಮೀನು ಸಿಗಲಿಲ್ಲ. ಹಳೆಯ ಮಾಲೀಕರ ಹೊಲವನ್ನೇ ಪಾಲಿಗೆ ಮಾಡಿ, ಅಂಗಡಿಯ ಸಾಲದಲ್ಲಿ ಸಿಕ್ಕಿಕೊಂಡು, ಮತ್ತೆ ಅದೇ ಹತ್ತಿಯನ್ನು ಬೆಳೆದರು. ಅಮೆರಿಕದ ಹತ್ತಿ ಮತ್ತೆ ಇಂಗ್ಲೆಂಡಿಗೆ ಹೊರಟಿತು. ಮುಂಬಯಿ ಪೇಟೆ ಕುಸಿಯಿತು, ಕುಮಟಾದ ದಾರಿಯಲ್ಲಿ ಹತ್ತಿಯ ಬೆಲೆ ಇಳಿಯಿತು.